ಪೂಲ್, ಸ್ನೂಕರ್ ಟೇಬಲ್ ಹತ್ರ ಮಂದಿ ಯಾಕ ಹಿಂಗ ಆಡ್ತಾರ? ಬಳ್ಳಾರಿ, ರಾಯಚೂರು, ಕೊಪ್ಪಳದೋರು ಸ್ವಲ್ಪ ಬರ್ರಿ

ಕೌಲ್‌ಬಜಾರ್ ಕ್ಯೂ (ಬಳ್ಳಾರಿ)

ಬಳ್ಳಾರ್ಯಾಗ ಈಗ ಸಂಜಿ ಆತಂದ್ರ ಟೇಬಲ್ ಸಿಗಂಗಿಲ್ಲ, ಹುಡುಗ್ರು ಪಾಟಿಂಗ್ ಮಾಡೋದ್ (ಬಾಲ್ ಪಾಕೆಟ್ ಅನ್ನೋ ತೂತಿಗೆ ಬೀಳ್ಸೋದ್) ನೋಡಿದ್ರ ಖುಷಿ ಆಗ್ತೈತಿ, ಖರೇನ ಚಲೋ ಆಡ್ತಾರ. ಆದ್ರ ನಡತಿ ಮಾತ್ರ ಥೂ ಅನ್ನಂಗ ಆಗೈತಿ. ನಾನು ಬಗ್ಗಿ ಕ್ಯೂ (ಹೊಡಿಯೋ ಕೋಲು) ಹಿಂದಕ್ಕ ಎಳಿಯೋ ಹೊತ್ತಿಗೆ ಸರಿಯಾಗಿ ನಾ ಗುರಿ ಇಟ್ಟ ಪಾಕೆಟ್ ಹಿಂದ ಬಂದು ನಿಂತು ತಮ್ಮ ಕ್ಯೂ ಟಿಪ್‌ಗೆ ಚಾಕ್ ತಿಕ್ಕತಾರ, ಫೋನ್ ಸ್ಪೀಕರ್ ಹಾಕ್ಕೊಂಡು ರೀಲ್ಸ್ ನೋಡ್ತಾರ, ತಮ್ಮ ಕೈ ಬಾಲ್‌ಗೆ ತಾಗಿದ್ರ ಮಾರಿ ಆಕಡಿ ತಿರಿಗಿಸ್ತಾರ, ಅದೇ ನನ್ನ ಅಂಗಿ ತುದಿ ತಾಗ್ತಂದ್ರ ರೋಡಿಗೆ ಕೇಳಂಗ ಫೌಲ್ ಫೌಲ್ ಅಂತ ಒದರ್ತಾರ. ಸೋತ್ರಂತೂ ಮುಗೀತು. ಟೇಬಲ್ ಮ್ಯಾಲಿನ ಬಾಲ್ ಎಲ್ಲಾ ಕೈಲೆ ಚೆಲ್ಲಾಡಿ ಕ್ಯೂ ಅಲ್ಲೇ ಒಗದು ಹೊಂಟ್ಬಿಡ್ತಾರ, ಕೈ ಕೊಡೋದು ದೂರ ಉಳೀತು, ಮಾರಿ ಸುದ್ದಾ ನೋಡಂಗಿಲ್ಲ.

ಫ್ಲೂಕ್ ಆಗಿ, ಅಂದ್ರ ಗುರಿ ಇಲ್ದ ಅದೃಷ್ಟಕ್ಕ, ಬಾಲ್ ಬಿದ್ರ ಒಂದ್ ಕೈ ಎತ್ತಿ ಸಾರಿ ಅನ್ನೋದು ಈ ಆಟದ ಸಣ್ಣ ಮರ್ಯಾದಿ, ಟೀವಿಯಾಗ ಆಡೋರೆಲ್ಲಾ ಮಾಡ್ತಾರ. ನಮ್ಮಲ್ಲಿ ಫ್ಲೂಕ್ ಬಿದ್ರ ಡ್ಯಾನ್ಸ್! ನಿಮ್ಮೂರಾಗೂ ಹಿಂಗೇನಾ ಅಥವಾ ನನ್ನ ಹಣೆಬರಹಕ್ಕ ಇಂಥೋರೇ ಸಿಗ್ತಾರಾ ಹೇಳ್ರಿ.

ತೋರಣಗಲ್ ನೈಟ್‌ಶಿಫ್ಟ್

ಅಣ್ಣ ಸಿಟ್ಟಾಗಬ್ಯಾಡ. ಪಾರ್ಲರ್ ಅಂದ್ರ ಗುಡಿ ಅಲ್ಲ, ನಾವ್ ಪ್ಲಾಂಟಿನ್ಯಾಗ ರಾತ್ರೆಲ್ಲಾ ಬೆಂಕಿ ಮುಂದ ನಿಂತು ಬಂದು ಒಂದ್ ತಾಸು ನಗಾಡಾಕ ಆಡ್ತೀವಿ. ಕಿಚಾಯಿಸ್ಲಿಲ್ಲಂದ್ರ ನಮ್ಮ ಕಡಿ ಯಾವ ಆಟಾನೂ ಆಟಲ್ಲ, ಕ್ರಿಕೆಟ್ ಆಡಿದ್ರೂ ಕೇರಂ ಆಡಿದ್ರೂ ಬಾಯಿ ನಡೀತಿರತೈತಿ. ನೀನು ಸೈಲೆಂಟ್ ಬೇಕಂದ್ರ ಬೆಂಗಳೂರ್ ಕ್ಲಬ್‌ಗೆ ಹೋಗ್ಬೇಕಾಗ್ತೈತಿ ನೋಡು.

ಒಂದ್ ಮಾತು ಒಪ್ತೀನಿ, ಎದುರಿನವ ಬಗ್ಗಿದ ಮ್ಯಾಲ ಬಾಯಿ ಬಂದ್ ಇರ್ಬೇಕು. ನಿಂತಾಗ ಎಷ್ಟರ ಕಾಡ್ಸು, ಬಗ್ಗಿದಾಗ ಬ್ಯಾಡ. ನಮ್ಮ ಗ್ಯಾಂಗ್‌ನ್ಯಾಗ ಇದೊಂದ ರೂಲ್ ಇರೋದು.

ಗಂಗಾವತಿ ಗ್ರೀನ್

ದೊಡ್ಡೋರೇ ಹಿಂಗ ಆಡ್ಯಾರ, ನಮ್ಮ ಹುಡುಗ್ರನ್ನ ಏನ್ ಬೈತೀರಿ ಬಿಡ್ರಿ. ಅಲೆಕ್ಸ್ ಹಿಗಿನ್ಸ್ ಅಂತ ಒಬ್ಬ ಇದ್ದ, 1972 ಮತ್ತ 1982ರ ಸ್ನೂಕರ್ ವರ್ಲ್ಡ್ ಚಾಂಪಿಯನ್. 1986ರಾಗ ಯುಕೆ ಚಾಂಪಿಯನ್‌ಶಿಪ್ ನಡಿಯೋ ಹೊತ್ತಿನ್ಯಾಗ ಟೂರ್ನಮೆಂಟ್ ಅಧಿಕಾರಿಗೆ ತಲೀಲೆ ಗುದ್ದಿ ಬಿಟ್ಟ, 12,000 ಪೌಂಡ್ ದಂಡ, ಐದು ಟೂರ್ನಮೆಂಟ್ ಬ್ಯಾನ್. 2004ರ ವರ್ಲ್ಡ್ ಚಾಂಪಿಯನ್‌ಶಿಪ್‌ನ್ಯಾಗ ಕ್ವಿಂಟನ್ ಹಾನ್ ಮತ್ತ ಆಂಡಿ ಹಿಕ್ಸ್ ಮ್ಯಾಚ್ ಮುಗದ ಕೂಡ್ಲೆ ಅಲ್ಲೇ ಕೈ ಕೈ ಮಿಲಾಯಿಸಾಕ ಹೋಗಿದ್ರು, ನಡುವ ಮಂದಿ ಬರ್ಬೇಕಾತು.

ನಮ್ಮ ರಾನಿ ಓಸಲಿವನ್ ಕಥಿ ಎಲ್ಲರಿಗೂ ಗೊತ್ತೈತಿ. 2006ರ ಯುಕೆ ಚಾಂಪಿಯನ್‌ಶಿಪ್, ಎದುರಿಗೆ ಸ್ಟೀಫನ್ ಹೆಂಡ್ರಿ, 9 ಫ್ರೇಮ್ (ಫ್ರೇಮ್ ಅಂದ್ರ ಮ್ಯಾಚಿನ ಒಂದೊಂದ್ ಆಟ) ಗೆದ್ದವ ಗೆದ್ದಂಗ, ಇವ 4-1 ಹಿಂದ ಇದ್ದ ಅಷ್ಟ. ಒಂದ್ ರೆಡ್ ಬಾಲ್ ಮಿಸ್ ಆತು, ಹೋಗಿ ಹೆಂಡ್ರಿ ಕೈ ಕುಲುಕಿ ಕ್ಯೂ ಹಿಡ್ಕೊಂಡ್ ಹೊಂಟೇ ಬಿಟ್ಟ. ಟಿಕೆಟ್ ತಗೊಂಡ್ ಬಂದ ಮಂದಿ ಬಾಯಿ ತಕ್ಕೊಂಡ್ ಕುಂತಿತ್ತು. 20,800 ಪೌಂಡ್ ದಂಡ ಬಿತ್ತು. ಆದ್ರೂ ಇವತ್ತಿಗೂ ಆತನ್ ಆಟ ಅಂದ್ರ ನಾವು ನಿದ್ದಿಗೆಟ್ಟು ನೋಡ್ತೀವಿ, ಹೌದೋ ಅಲ್ಲೋ.

ರಾಯಚೂರ್ ರೆಡ್‌ಬಾಲ್

ಗ್ರೀನ್ ಅವ್ರ, ಅವನು ಮಾಡಿದ್ದಕ್ಕ ದಂಡ ಬಿತ್ತಲ್ರೀ, ಅದೇ ಫರಕ್ ಅದ. ನಮ್ಮಲ್ಲಿ ದಂಡ ಹಾಕವ ಯಾರು?

ನಾ ಹೇಳ್ಲಿಕತ್ತಿದ್ದು ಬ್ಯಾರೆ. ಇದು ಸ್ವಭಾವದ ಪ್ರಶ್ನಿ ಅಲ್ಲವೇ ಅಲ್ಲ, ರೊಕ್ಕದ್ದು. ನಮ್ಮ ಕಡಿ ಎಲ್ಲಾ ಪಾರ್ಲರ್‌ನ್ಯಾಗೂ ಒಂದೇ ಪದ್ಧತಿ, ಸೋತವ ಟೇಬಲ್ ರೊಕ್ಕ ಕೊಡಬೇಕು. ಈಗ ತಾಸಿನ ಲೆಕ್ಕ ಇದ್ದಲ್ಲಿ ನೋಡ್ರಿ ಏನಾಗ್ತದ, ಮುಂದ ಇದ್ದವನಿಗೆ ಗಡಿಬಿಡಿ ಇಲ್ಲ, ಮೀಟರ್ ಓಡ್ಲಿಕತ್ತದ ಓಡಲಿ, ಎದುರಿನವನ್ ಜೇಬಲ್ಲ ಅಂತ ಆರಾಮ ಸುತ್ತು ಹಾಕಿ ಹಾಕಿ ನೋಡ್ತಾನ. ಹಿಂದ ಬಿದ್ದವಗ ಒಂದೊಂದ್ ನಿಮಿಷನೂ ಉರೀತದ. ಅವ ಬಾಲ್ ಚೆಲ್ಲಾಡಿ ಹೊಂಟ ಅಂದ್ರ ಹೊಟ್ಟಿಕಿಚ್ಚಿಗೆ ಅಂತ ತಿಳೀಬ್ಯಾಡ್ರಿ, ಮೀಟರ್ ನಿಲ್ಲಿಸ್ಲಿಕ್ಕ ಮಾಡ್ತಾನ. ಫ್ರೇಮ್ ಲೆಕ್ಕ ಇದ್ದಲ್ಲಿ ಉಲ್ಟಾ, ಮಾಲಕ ನಿಂತು ಬೇಗ ಮುಗಸ್ರಿ ಬೇಗ ಮುಗಸ್ರಿ ಅಂತಾನ, ಅಲ್ಲಿ ಇನ್ನೊಂದ್ ನಮೂನಿ ಜಗಳ.

ಮತ್ತ ಬೆಂಚ್ ಮ್ಯಾಲ ಕುಂತವರು! ಆಡೋರಿಬ್ರು ಸುಮ್ನೇ ಇರ್ತಾರ, ಬೆಂಚ್ ಮ್ಯಾಲಿನವ ನೂರು ಇನ್ನೂರು ಹಚ್ಚಿರ್ತಾನಲ್ಲ ಅವ ಕೂಗ್ತಾನ, ಕೆಮ್ಮತಾನ, ಲೈನ್‌ನ್ಯಾಗ ಎದ್ದು ನಿಂದರ್ತಾನ. ಕೇಳಿದ್ರ ನಾ ಆಡ್ಲಿಕತ್ತಿಲ್ಲಪ್ಪಾ ನನಗ್ಯಾಕ ರೂಲ್ ಹೇಳ್ತಿ ಅಂತಾನ. ಸ್ಟೇಷನ್ ರೋಡ್ ಕಡಿ ಒಂದ್ ಜಾಗಾದಾಗ ನಾ ಹೋಗೋದೇ ಬಿಟ್ಟೀನಿ ಇದರ ಸಲುವಾಗಿ.

ಹಳೇ ಮಾರ್ಕರ್

ರಾಯಚೂರಿನ ತಮ್ಮ ಸರಿಯಾಗಿ ಹೇಳ್ಯಾನ. ನಾನು ಬಾಳ ವರ್ಷ ಮಾರ್ಕರ್ ಕೆಲಸ ಮಾಡಿದವ, ಬಳ್ಳಾರ್ಯಾಗೂ ಮಾಡೀನಿ ಹೊಸಪೇಟ್ಯಾಗೂ ಮಾಡೀನಿ, ಬಾಲ್ ಇಡೋದು, ಸ್ಕೋರ್ ಹೇಳೋದು, ಟೇಬಲ್ ಬಟ್ಟಿ ಬ್ರಷ್ ಹೊಡಿಯೋದು, ನಡುವ ಜಗಳ ಬಿಡಸೋದು. ರೆಫ್ರಿ ಅಂತ ಯಾರೂ ಕರಿಯಂಗಿಲ್ಲ ನಮ್ಮನ್ನ, ಆದ್ರ ಜಗಳ ಬಂತಂದ್ರ ಎಲ್ಲರೂ ನಮ್ಮ ಮಾರಿನೇ ನೋಡ್ತಾರ. ಒಬ್ಬನ ಕಡಿ ಹೇಳಿದ್ರ ಇನ್ನೊಬ್ಬ ಟಿಪ್ಸ್ ಕೊಡಂಗಿಲ್ಲ. ಹಿಂಗಾಗಿ ಬಾಳ ಮಂದಿ ಮಾರ್ಕರ್‌ಗಳು ನಾ ನೋಡ್ಲಿಲ್ಲಪ್ಪ ಅಂತ ಹೇಳಾಕ ಕಲ್ತಾರ.

ಈ ಸ್ನೂಕರ್ ಆಟ ಹುಟ್ಟಿದ್ದೇ ನಮ್ಮ ದೇಶದಾಗ ಅಂತಾರ, 1875ರಾಗ ಜಬಲ್‌ಪುರದ ಮಿಲಿಟರಿ ಮೆಸ್ಸಿನ್ಯಾಗ ನೆವಿಲ್ ಚೇಂಬರ್ಲಿನ್ ಅನ್ನೋ ಆಫೀಸರ್ ಶುರು ಮಾಡಿದ್ದು, ಆಮ್ಯಾಲ ಊಟಿ ಕ್ಲಬ್‌ನ್ಯಾಗ ರೂಲ್ಸ್ ಬರದು ಹಚ್ಚಿದ್ರು. ನಮ್ಮ ಬಳ್ಳಾರಿನೂ ಕಂಟೋನ್ಮೆಂಟ್ ಇದ್ದ ಊರು, ಕೌಲ್‌ಬಜಾರ್ ಅಂದ್ರ ಆ ದಂಡಿನ ಬಜಾರನ. ಸಾಹೇಬ್ರು ಏನ್ ಸಾಧುಗಳಿದ್ರು ಅಂತ ನಾ ಹೇಳಂಗಿಲ್ಲ, ಆದ್ರ ಆ ಆಟದಾಗ ಒಂದ್ ಕಟ್ಟು ಇತ್ತು, ನನ್ನ ಫೌಲ್ ನಾನ ಹೇಳ್ಬೇಕು. ಇವತ್ತಿಗೂ ಪ್ರೊಫೆಷನಲ್ ಮ್ಯಾಚ್ ನೋಡ್ರಿ, ರೆಫ್ರಿಗೆ ಕಾಣಿಸಿರಂಗಿಲ್ಲ, ಆಡಿದವನ ನಿಂತು ಟಚ್ ಆತು ಅಂತ ಹೇಳಿ ಹೋಗಿ ಕುರ್ಚಿ ಮ್ಯಾಲ ಕುಂದರ್ತಾನ. ಯಾಕ ಅಂದ್ರ ಬಾಲ್ ಕೂದಲೆಳಿಯಷ್ಟು ಅಳ್ಳಾಡಿದ್ದು ಕ್ಯೂ ಹಿಡಿದವನ ಕೈಗೆ ಮಾತ್ರ ಗೊತ್ತಾಗ್ತೈತಿ. ರೆಫ್ರಿ ಇದ್ದಲ್ಲೇ ಹಂಗ, ರೆಫ್ರಿ ಇಲ್ಲದ ಪಾರ್ಲರ್‌ನ್ಯಾಗ ಅದೊಂದ್ ಬಿಟ್ರ ಬ್ಯಾರೆ ಏನೈತಿ ಹೇಳ್ರಿ? ಫೋನ್, ಕೆಮ್ಮು, ಚಾಕ್ ತಿಕ್ಕೋದು ಇವೆಲ್ಲಾ ಸಣ್ಣವು. ತನ್ನ ಟಚ್ ನುಂಗಿದವ ಇದ್ದಾನಲ್ಲ ಅವನ ಜೋಡಿ ಆಡೋದ ಬ್ಯಾಡ.

ಪಾಟ್ ರಾಜಾ ಹೊಸಪೇಟೆ

ಎಲ್ಲಾ ಸರಿ ಗುರು ಆದ್ರೆ ಸೇಫ್ಟಿ ಆಡೋರ ಬಗ್ಗೆ ಯಾರೂ ಮಾತಾಡ್ತಿಲ್ವಲ್ಲ?? ಬಾಲ್ ಎದುರಿಗಿದೆ, ಹೊಡಿಯೋ ಧೈರ್ಯ ಇಲ್ಲ, ವೈಟ್ (ಕ್ಯೂನಿಂದ ಹೊಡೆಯೋ ಬಾಲ್) ತಗೊಂಡ್ ಹೋಗಿ ಬ್ರೌನ್ ಬಾಲ್ ಹಿಂದೆ ಬಚ್ಚಿಡ್ತಾನೆ, ಇದು ಬ್ಯಾಡ್ ಸ್ಪೋರ್ಟ್ಸ್‌ಮನ್‌ಶಿಪ್ ಅಲ್ವಾ. ನಂಗಂತೂ ಇದೇ ದೊಡ್ಡ ಚೀಟಿಂಗ್ ಅನ್ಸತ್ತೆ.

ಗಂಗಾವತಿ ಗ್ರೀನ್

ರಾಜಾ, ಹಂಗ ವೈಟ್ ಬಚ್ಚಿಡೋದಕ್ಕ ಸ್ನೂಕರ್ ಅಂತಾರ, ಆಟದ ಹೆಸರೇ ಅದು ಅಪ್ಪಾ 😄

ಸೇಫ್ಟಿ ಅನ್ಯಾಯ ಅಂದ್ರ ಕಬಡ್ಡ್ಯಾಗ ಹಿಡಿಯೋದೂ ಅನ್ಯಾಯನ. ಸ್ಲೋ ಆಡೋದು ಮಾತ್ರ ಬ್ಯಾರೆ ಚರ್ಚಾ. 2005ರ ವರ್ಲ್ಡ್ ಚಾಂಪಿಯನ್‌ಶಿಪ್ ಕ್ವಾರ್ಟರ್ ಫೈನಲ್, ಪೀಟರ್ ಎಬ್ಡನ್ ಮತ್ತ ಓಸಲಿವನ್. ಓಸಲಿವನ್ 8-2 ಮುಂದ ಇದ್ದ. ಆಮ್ಯಾಲ ಎಬ್ಡನ್ ಎಷ್ಟ್ ನಿಧಾನ ಮಾಡಿದ ಅಂದ್ರ ಒಂದ್ ಸರದ್ಯಾಗ ಸಾಲಾಗಿ ಹೊಡದ ಬರೀ 12 ಪಾಯಿಂಟಿನ ಬ್ರೇಕ್‌ಗೆ ಐದು ನಿಮಿಷದ ಮ್ಯಾಲ ತಗೊಂಡ. ಅದೇ ಓಸಲಿವನ್ 1997ರಾಗ ಪೂರ್ತಿ 147ರ ದೊಡ್ಡ ಬ್ರೇಕ್ ಐದೂವರಿ ನಿಮಿಷದೊಳಗ ಹೊಡದಿದ್ದ. ತಲಿ ಕೆಟ್ಟು ಹೋತು ಆತಂದು, 13-11 ಸೋತ. ಎಬ್ಡನ್ ಬೇಕಂತ ಮಾಡಿದ್ನೋ ಇಲ್ಲೋ ಇವತ್ತಿಗೂ ಮಂದಿ ಕಿತ್ತಾಡ್ತಾರ. ನನ್ನ ಕೇಳಿದ್ರ ರೂಲ್ ಮುರದಿಲ್ಲ, ಆದ್ರ ಅಂಥಾ ಮ್ಯಾಚ್ ಗೆದ್ದು ನಿದ್ದಿ ಹೆಂಗ್ ಬರತೈತಿ ಅಂತ.

ರಾಯಚೂರ್ ರೆಡ್‌ಬಾಲ್

ಛೊಲೊ ಬರ್ತದ ನಿದ್ದಿ, ಸೆಮಿಫೈನಲ್‌ಗೆ ಹೋದನಲ್ಲ!

ಕೊಪ್ಪಳದಾಕಿ

ಇಷ್ಟ್ ಹೊತ್ತು ಸುಮ್ನೆ ಓದ್ತಿದ್ದೆ. ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ ಆಟ ಕಲಿತವಳು, ಅಲ್ಲಿ ಬಿಲಿಯರ್ಡ್ಸ್ ಅಸೋಸಿಯೇಷನ್ ಕಡೆ ಟೂರ್ನಮೆಂಟ್ ನೋಡೋಕೆ ಹೋಗ್ತಿದ್ದೆ, ಪಂಕಜ್ ಅಡ್ವಾಣಿ ಕೋಚ್ ಅರವಿಂದ್ ಸವೂರ್ ಹತ್ರ ಪಳಗಿದ್ದು ಅದೇ ಊರಲ್ಲೇ ಅಲ್ವಾ. ಚಿತ್ರಾ ಮಗಿಮೈರಾಜ್, ವಿದ್ಯಾ ಪಿಳ್ಳೈ ಇವ್ರನ್ನೆಲ್ಲಾ ನೋಡಿನೇ ಹುಮ್ಮಸ್ಸು ಬಂದಿದ್ದು. ಈಗ ಊರಿಗೆ ವಾಪಸ್ ಬಂದಿದ್ದೀನಿ. ಕೊಪ್ಪಳದಲ್ಲಿ ಪಾರ್ಲರ್‌ಗೆ ಅಣ್ಣನ ಜೊತೆ ಹೋದ್ರೂ ಒಂದೊಂದ್ ಸಲ ಸಾಕಪ್ಪಾ ಅನ್ಸುತ್ತೆ.

ನೀವೆಲ್ಲಾ ಬೈಗುಳ, ಕಿರುಚಾಟದ ಬಗ್ಗೆ ಬರೀತಿದ್ದೀರಿ, ನನಗೆ ಅದ್ಯಾವುದೂ ಆಗಲ್ಲ, ನನ್ನ ಮುಂದೆ ಎಲ್ಲರೂ ಬಂಗಾರದಂಥ ಹುಡುಗರು! ಆದ್ರೆ ನಾನು ಶಾಟ್ ಯೋಚಿಸ್ತಿದ್ರೆ ಪಕ್ಕದ ಟೇಬಲ್‌ನವನು ಬಂದು ಮೇಡಂ ಹಿಂಗ್ ಹೊಡೀರಿ ಅಂತ ಬೆರಳಿಟ್ಟು ತೋರಿಸ್ತಾನೆ. ಮಿಸ್ ಆದ್ರೆ ಎದುರಿನವನು ಪರ್ವಾಗಿಲ್ಲ ಇನ್ನೊಂದ್ ಸಲ ಹೊಡೀರಿ ಅಂತ ಬಾಲ್ ವಾಪಸ್ ಇಡ್ತಾನೆ. ಒಬ್ಬನಂತೂ ಒಂದು ಫ್ರೇಮ್ ಸೋತ ಮೇಲೆ ಎರಡನೇದು ಪೂರ್ತಿ ಎಡಗೈಲಿ ಆಡಿದ, ಆಮೇಲೆ ಹೇಳ್ದ ನಾನು ಸೀರಿಯಸ್ಸಾಗಿ ಆಡ್ಲಿಲ್ಲ ಅಂತ. ಇದನ್ನ ಏನಂತೀರಿ?

ಗಂಗಾವತಿ ಗ್ರೀನ್

ಅಕ್ಕಾ ಇದಕ್ಕೂ ಒಂದ್ ದೊಡ್ಡ ಕಥಿ ಐತಿ. 1996ರ ವರ್ಲ್ಡ್ ಚಾಂಪಿಯನ್‌ಶಿಪ್‌ನ್ಯಾಗ ಓಸಲಿವನ್ (ಮತ್ತ ಆತನ!) ಅಲೇನ್ ರೊಬಿಡೊ ಅನ್ನೋ ಕೆನಡಾದವನ ಎದುರಿಗೆ ಎಡಗೈಲೆ ಆಡಾಕ ಶುರು ಹಚ್ಚಿದ. ರೊಬಿಡೊಗ ಇದು ಅವಮಾನ ಅನಿಸ್ತು, ಸೋಲು ಖಾತ್ರಿ ಇದ್ರೂ ಫ್ರೇಮ್ ಬಿಟ್ ಕೊಡದ ಎಳದಾಡಿದ, ಮ್ಯಾಚ್ ಮುಗದ ಮ್ಯಾಲ ಕೈ ಸುದ್ದಾ ಕೊಡ್ಲಿಲ್ಲ. ಕಂಪ್ಲೇಂಟ್ ಆತು. ಆಮ್ಯಾಲ ಓಸಲಿವನ್ ಹಳೇ ಆಟಗಾರ ರೆಕ್ಸ್ ವಿಲಿಯಮ್ಸ್ ಜೋಡಿ ಮೂರು ಫ್ರೇಮ್ ಎಡಗೈಲೆ ಆಡಿ, ನಾನು ಎರಡೂ ಕೈಲೆ ಖರೇನ ಆಡ್ತೀನಿ ಅಂತ ತೋರಿಸ್ಬೇಕಾತು.

ಕೊಪ್ಪಳದಾಕಿ

ಓಸಲಿವನ್‌ಗೆ ಎಡಗೈ ಬರುತ್ತೆ ಅಂತಾದ್ರೂ ಸಾಬೀತಾಯ್ತು. ನಮ್ಮವನಿಗೆ ಬಲಗೈನೂ ಬರ್ತಿರಲಿಲ್ಲ 🙂

ರೊಬಿಡೊ ಸಿಟ್ಟು ನನಗೆ ಅರ್ಥ ಆಗುತ್ತೆ. ಬೈದ್ರೆ ವಾಪಸ್ ಬೈಬಹುದು, ಬಿಟ್ಟುಕೊಟ್ರೆ ಏನು ಮಾಡೋಣ? ನನ್ನನ್ನ ಸೋಲಿಸಿ, ಟೇಬಲ್ ದುಡ್ಡು ತಗೊಳ್ಳಿ, ನನಗೇನೂ ಬೇಜಾರಿಲ್ಲ.

ತೋರಣಗಲ್ ನೈಟ್‌ಶಿಫ್ಟ್

ಅಕ್ಕಾವ್ರ ಈ ಥರ ನಾವ್ ಯೋಚ್ನಿ ಮಾಡೇ ಇರ್ಲಿಲ್ಲ ನೋಡ್ರಿ. ನಮ್ಮ ಹುಡುಗ್ರು ಮರ್ಯಾದಿ ಅಂದ್ಕೊಂಡ ಮಾಡ್ತಿರ್ತಾರ ಪಾಪ.

ಇನ್ನೊಂದ್ ಜಾತಿ ಬಿಟ್ಟ್ರಿ ನೀವೆಲ್ಲಾ, ಬೇಕಂತ ಸೋಲೋರು. ಮೊದ್ಲು ಎರಡ್ಮೂರು ಫ್ರೇಮ್ ಪೂರ್ತಿ ಮಂಗ್ಯಾನಂಗ ಆಡಿ ಸೋತು ಸೋತು ಕೊಡ್ತಾರ, ಟೇಬಲ್ ರೊಕ್ಕನೂ ನಕ್ಕೊಂತ ಕೊಡ್ತಾರ, ಆಮ್ಯಾಲ ಒಂದ್ ಸಾವ್ರ ಹಚ್ಚೋಣೇನು ಅಂತಾರ, ಅಲ್ಲಿಂದ ಒಂದೂ ಮಿಸ್ ಆಗಂಗಿಲ್ಲ. ಸಂಬಳ ಆದ ವಾರ ಇಂಥೋರು ಎಲ್ಲಿಂದ ಬರ್ತಾರೋ ಗೊತ್ತಿಲ್ಲ, ಬರೋಬ್ಬರಿ ಬರ್ತಾರ.

ಗಂಗಾವತಿ ಗ್ರೀನ್

ಎಫ್ರೆನ್ ರೆಯೆಸ್ ಫಿಲಿಪೀನ್ಸ್‌ನವ, ಪೂಲ್‌ನ್ಯಾಗ ಮ್ಯಾಜಿಶಿಯನ್ ಅಂತ ಹೆಸರು, 1985ರಾಗ ಅಮೆರಿಕಾಕ್ಕ ಹೋದಾಗ ಸೀಸರ್ ಮೊರಾಲೆಸ್ ಅಂತ ಸುಳ್ಳ ಹೆಸರು ಹೇಳಿ ಆಡ್ಯಾನ, ಯಾಕಂದ್ರ ಖರೇ ಹೆಸರು ಹೇಳಿದ್ರ ಯಾರೂ ರೊಕ್ಕ ಹಚ್ಚತಿದ್ದಿಲ್ಲ. ಇದನ್ನ ಜನ ಖುಷಿಲೆ ಹೇಳ್ತಾರ. ತೋರಣಗಲ್ಲಿನ್ಯಾಗ ಮಾಡಿದ್ರ ಮಾತ್ರ ಕಳ್ಳ.

ಹಳೇ ಮಾರ್ಕರ್

ಅದು ಬ್ಯಾರೆ ತಮ್ಮಾ. ರೆಯೆಸ್ ಹೆಸರು ಮುಚ್ಚಿಟ್ಟ, ಆಟ ಮುಚ್ಚಿಡ್ಲಿಲ್ಲ. ಬೇಕಂತ ಮಿಸ್ ಮಾಡೋದು ಮಾರ್ಕರ್ ಕಣ್ಣಿಗೆ ಬೀಳದ ಇರಂಗಿಲ್ಲ. ಬಾಲ್ ಮಿಸ್ ಆಗಿರತೈತಿ, ವೈಟ್ ಮಾತ್ರ ಎಲ್ಲಿ ಬೇಕೋ ಅಲ್ಲಿಗೇ ಹೋಗಿ ನಿಂತಿರತೈತಿ. ಪಾಟ್ ಬರದವಗ ಪೊಸಿಷನ್ ಎಲ್ಲಿಂದ ಬಂತು? ಹೊಸಬರು ರೊಕ್ಕ ಹಚ್ಚೋಕಿಂತ ಮೊದ್ಲು ವೈಟ್ ನೋಡ್ರಿ, ಬೀಳೋ ಬಾಲ್ ನೋಡಬ್ಯಾಡ್ರಿ. ಇನ್ನೂ ಚಲೋ ಅಂದ್ರ ರೊಕ್ಕನ ಹಚ್ಚಬ್ಯಾಡ್ರಿ, ನಾನು ಈ ಆಟದಾಗ ಮೋಟರ್‌ಸೈಕಲ್ ಕಳಕೊಂಡವರನ್ನ ನೋಡೀನಿ.

ಮ್ಯಾಲಿನ ಮಟ್ಟದಾಗೂ ಇದೇ ರೋಗ. ಸ್ಟೀಫನ್ ಲೀಗೆ 2013ರಾಗ ಮ್ಯಾಚ್ ಫಿಕ್ಸಿಂಗ್‌ಗೆ 12 ವರ್ಷ ಬ್ಯಾನ್. 2023ರಾಗ ಚೀನಾದ ಹತ್ತು ಮಂದಿ ಆಟಗಾರರಿಗೆ ಶಿಕ್ಷಿ ಆತು, ಅದ್ರಾಗ ಇಬ್ಬರಿಗೆ ಜೀವನಪೂರ್ತಿ. ಮೇಲೆ ಹೇಳಿದ್ರಲ್ಲ ಕ್ವಿಂಟನ್ ಹಾನ್, ಅವನೂ 2006ರಾಗ ಇದೇ ನಮೂನಿ ಕೇಸಿನ್ಯಾಗ 8 ವರ್ಷ ಹೊರಗ ಹೋದವ.

ಪಾಟ್ ರಾಜಾ ಹೊಸಪೇಟೆ

ಸರಿ ಸೇಫ್ಟಿ ವಿಷಯ ಬಿಟ್ಟೆ. ಆದ್ರೆ ಮಿಸ್ ರೂಲ್? ನನ್ನ ಫ್ರೆಂಡ್ ಒಬ್ಬ ಪ್ರತಿಸಲ ಸ್ನೂಕರ್‌ನಿಂದ ಹೊರಗೆ ಬರೋಕಾಗ್ದೆ ಫೌಲ್ ಆದ್ರೆ ವಾಪಸ್ ಇಡು ವಾಪಸ್ ಇಡು ಅಂತಾನೆ. ವೈಟ್ ಎಲ್ಲಿತ್ತು ಅಂತ ಇಬ್ರಿಗೂ ನೆನಪಿರಲ್ಲ, ಅರ್ಧ ಗಂಟೆ ಅದೇ ಜಗಳ, ಮಾತು ತಾಯಿ ತನಕ ಹೋಗತ್ತೆ.

ಹಳೇ ಮಾರ್ಕರ್

ಮಿಸ್ ಅನ್ನೋದು ರೆಫ್ರಿ ಇದ್ದಲ್ಲಿ ಮಾಡಿದ ರೂಲ್. ಎದುರಿನವ ಬೇಕಂತ ಸಮೀಪ ಹೋಗದ ಸುರಕ್ಷಿತ ಜಾಗಾಕ್ಕ ವೈಟ್ ಕಳಿಸ್ತಾನ, ನಾಲ್ಕು ಪಾಯಿಂಟ್ ಹೋದ್ರ ಹೋಗ್ಲಿ ಅಂತ, ಅದನ್ನ ತಡಿಯಾಕ ಇರೋದು. ಎದುರಿಗೆ ಪೂರ್ತಿ ಬಾಲ್ ನೇರ ಕಾಣ್ತಿದ್ದಾಗ ಮೂರು ಸಲ ಸಾಲಾಗಿ ಮಿಸ್ ಮಾಡಿದ್ರ ಫ್ರೇಮೇ ಹೋಗ್ತೈತಿ. ಅಲ್ಲಿ ಬಾಲ್ ವಾಪಸ್ ಇಡಾಕ ಕ್ಯಾಮೆರಾ ಸ್ಕ್ರೀನ್ ಇರತೈತಿ. ಪಾರ್ಲರ್‌ನ್ಯಾಗ ಆಡಬ್ಯಾಡ್ರಿ ಮಿಸ್. ಫೌಲ್ ಪಾಯಿಂಟ್ ತಗೋ, ಬೇಕಂದ್ರ ಅವನಿಗೇ ಮತ್ತ ಆಡ್ಸು, ಫ್ರೀ ಬಾಲ್ (ಫೌಲ್ ಆಗಿ ನಿನ್ನ ಬಾಲ್‌ಗೆ ಅಡ್ಡ ಬಿದ್ದಿದ್ರ ಬ್ಯಾರೆ ಬಾಲ್ ಹೊಡಿಯೋ ಚಾನ್ಸ್) ಇದ್ರ ತಗೋ, ಮುಗೀತು.

ಪೂಲ್ ಆಡೋರ ಜಗಳ ಇನ್ನೂ ಜಾಸ್ತಿ, ಯಾಕಂದ್ರ ಏಟ್ ಬಾಲ್‌ಗೆ ಪಾರ್ಲರಿಗೊಂದ್ ರೂಲ್. ಒಬ್ಬ ಫೌಲ್‌ಗೆ ಎರಡು ಚಾನ್ಸ್ ಅಂತಾನ, ಒಬ್ಬ ವೈಟ್ ಎಲ್ಲಿ ಬೇಕಾದ್ರೂ ಇಡಬಹುದು ಅಂತಾನ, ಇಂಟರ್‌ನ್ಯಾಷನಲ್ ರೂಲ್ ಎರಡನೇದು. ಆಟ ಶುರು ಮಾಡೋಕಿಂತ ಮೊದ್ಲು ಕೇಳಿದ್ರ ಯಾರೂ ಸಣ್ಣವರಾಗಂಗಿಲ್ಲ, ಎಂಟನೇ ಬಾಲ್ ಮ್ಯಾಲ ನಿಂತು ಕೇಳಿದ್ರ ಜಗಳನ.

ಕೌಲ್‌ಬಜಾರ್ ಕ್ಯೂ (ಬಳ್ಳಾರಿ)

ಇಷ್ಟ್ ಮಂದಿ ಬರೀತೀರಂತ ಅಂದ್ಕೊಂಡಿರ್ಲಿಲ್ಲ. ಮಾರ್ಕರ್ ಅಣ್ಣ ಹೇಳಿದ್ದು, ರೆಡ್‌ಬಾಲ್ ಅವ್ರು ಹೇಳಿದ್ದು ಎರಡೂ ತಲ್ಯಾಗ ಕುಂತೈತಿ. ನಿನ್ನೆ ನಾನು ಆಡೋ ಪಾರ್ಲರ್ ಮಾಲಕನ್ನ ಕೇಳ್ದೆ, ಒಂದ್ ಹಾಳಿ ಗ್ವಾಡಿಗೆ ಹಚ್ಚೋಣ, ಸೋತವ ಟೇಬಲ್ ಕೊಡೋದು ಬ್ಯಾಡ, ಅರ್ಧ ಅರ್ಧ ಮಾಡ್ರಿ ಅಂತ. ಆತ ನಕ್ಕ. ಅರ್ಧ ಅರ್ಧ ಮಾಡಿದ್ರ ಮಂದಿ ಎರಡ್ ಫ್ರೇಮ್‌ಗೆ ಎದ್ದು ಹೋಗ್ತಾರ, ಸೋತವಗ ತೀರಿಸ್ಕೊಳ್ಳೋ ಹಠ ಇದ್ರನ ನನ್ನ ಟೇಬಲ್ ಓಡೋದು ಅಂದ. ಆತಂದೂ ಖರೇನ, ಬಾಡಿಗಿ ಐತಿ, ಈ ಬಳ್ಳಾರಿ ಬಿಸಿಲಾಗ ಏಸಿ ಕರೆಂಟ್ ಬಿಲ್ ಐತಿ. ಕಡಿಗೆ ಬೆಂಚ್ ಮ್ಯಾಲಿನವರು ಪಾಕೆಟ್ ಹಿಂದ ನಿಂದ್ರಬಾರ್ದು ಅಂತ ಒಂದ್ ಸಾಲು ಬರದು ಹಚ್ಚಾಕ ಒಪ್ಪ್ಯಾನ.

ಕೊಪ್ಪಳದಾಕಿ

ಕೇಳದೇ ಸಲಹೆ ಕೊಡಬಾರ್ದು ಅಂತ ಇನ್ನೊಂದ್ ಸಾಲು ಸೇರಿಸೋಕೆ ಹೇಳಿ ಪ್ಲೀಸ್.

ಸೋತವನು ಕುರ್ಚಿ ಮೇಲೆ ಸುಮ್ನೆ ಕೂರೋದನ್ನೂ ಕಲೀಬೇಕು ಕಣ್ರೀ. 1992ರಲ್ಲಿ ನಮ್ಮ ದೇಶದ ಬಿಲಿಯರ್ಡ್ಸ್ ಆಟಗಾರ ಗೀತ್ ಸೇಥಿ ವರ್ಲ್ಡ್ ಪ್ರೊಫೆಷನಲ್ ಬಿಲಿಯರ್ಡ್ಸ್‌ನಲ್ಲಿ 1276ರ ಬ್ರೇಕ್ ಹೊಡೆದಾಗ ಎದುರಿನವರು ಅಷ್ಟೂ ಹೊತ್ತು ಕೂತೇ ಇರಬೇಕಾಯ್ತಲ್ಲ. ನಮ್ಮವರು ಎದುರಾಳಿ 20 ಹೊಡೆಯೋ ಅಷ್ಟರಲ್ಲಿ ಎರಡು ಸಲ ಟೀ ಕುಡಿಯೋಕೆ ಎದ್ದು ಹೋಗಿರ್ತಾರೆ.

ರಾಯಚೂರ್ ರೆಡ್‌ಬಾಲ್

ಟೀ ಬಿಡ್ರಿ, ಮಿರ್ಚಿ ತಿಂದ ಕೈಲೆ ಬಟ್ಟಿ ಮುಟ್ಟತಾರ. ಎಣ್ಣಿ ಕಲಿ ನೋಡಿದ್ರ ಮಾಲಕ ಅತ್ತೇ ಬಿಡ್ತಾನ.

ಮಾರ್ಕರ್ ಅಣ್ಣಾವ್ರ ಒಂದ್ ಡೌಟ್ ಉಳದದ. ಟಚಿಂಗ್ ಬಾಲ್ ಇದ್ದಾಗ, ವೈಟ್ ರೆಡ್‌ಗೆ ಅಂಟಿ ಕುಂತದ, ನನಗ ರೆಡ್ಡೇ ಬೇಕು. ಆಕಡಿ ಹೊಡದು ಯಾವ ಬಾಲ್‌ಗೂ ತಾಗ್ಲಿಲ್ಲಂದ್ರ ಫೌಲಾ? ಮೊನ್ನಿ ಇದ್ರ ಮ್ಯಾಲ ಬಾಳ ದೊಡ್ಡ ಗದ್ಲ ಆತು.

ಹಳೇ ಮಾರ್ಕರ್

ಫೌಲ್ ಅಲ್ಲ. ಅಂಟಿದ ರೆಡ್ಡನ್ನ ನೀನು ಹೊಡದಂಗೇ ಲೆಕ್ಕ, ಆದ್ರ ಅದು ಅಳ್ಳಾಡಬಾರ್ದು, ಅಳ್ಳಾಡಿದ್ರ ಪುಶ್ (ತಳ್ಳಿದಂಗ), ಅದು ಫೌಲು. ಅಂಟಿದ್ದು ಬ್ಯಾರೆ ಬಣ್ಣ ಇದ್ದು ನಿನಗ ರೆಡ್ ಬೇಕಿದ್ರ ಮಾತ್ರ ಆಕಡಿ ಹೊಡದು ರೆಡ್‌ಗೆ ತಾಗಿಸ್ಲೇಬೇಕು. ಅಳ್ಳಾಡಿತೋ ಇಲ್ಲೋ ಅಂತ ಮತ್ತ ನನ್ನ ಕೇಳಬ್ಯಾಡ, ಹೊಡದವನ್ನ ಕೇಳು.

ತೋರಣಗಲ್ ನೈಟ್‌ಶಿಫ್ಟ್

ಕೌಲ್‌ಬಜಾರ್ ಅಣ್ಣ, ರವಿವಾರ ಬಳ್ಳಾರಿಗೆ ಬರಾಕತ್ತೀನಿ, ಟೇಬಲ್ ಹಿಡಿದಿಡು. ನೀ ಬಗ್ಗಿದಾಗ ಮಾತಾಡಂಗಿಲ್ಲ, ಉಳಿದ ಟೈಮ್ ಗ್ಯಾರಂಟಿ ಇಲ್ಲ. ಮತ್ತ ರೊಕ್ಕ ಅರ್ಧ ಅರ್ಧ, ಮಾಲಕ ಏನರ ಅನ್ಲಿ.